ಆರನೇ ಚಾನೆಲ್‌ಗೆ ಎಂಟು ಮನೆ

ಬಸವೇಶ್ವರನಗರದಲ್ಲಿ ಮನೆಮನೆಗೂ ಇಂಟರ್ನೆಟ್ ವೈರ್ ಎಳೆದು ವೈಫೈ ಡಬ್ಬ ಕೂರಿಸುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನಾನು ಸುಮ್ಮನಿದ್ದರೂ ಅವು ಸುಮ್ಮನಿರುವುದಿಲ್ಲ. ನಾನು ಸುಮ್ಮನಿರುವವನಲ್ಲ ಅನ್ನುವುದು ಬೇರೆ ಮಾತು. ನಾನು ಹೇಳುವುದರಲ್ಲಿ ಕಾಲು ಭಾಗ ಸುಳ್ಳಿರುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳು ಯಾವತ್ತೂ ಗಂಡನ ಪರ.

ಇವೆಲ್ಲ ನಡೆದದ್ದು ಒಂದೇ ಬಿಲ್ಡಿಂಗ್‌ನಲ್ಲಿ. ಎಂಟು ಮನೆ, ಎಂಟು ವೈಫೈ, ಒಂದು ಸಂಘ.

೧. ಶುಕ್ರದೆಸೆ

ನೆಲಮಹಡಿಯಲ್ಲಿರುವ ನಿವೃತ್ತ ಅಧಿಕಾರಿಗಳೇ ಸಂಘದ ಅಧ್ಯಕ್ಷರು. ಕಾರಿನ ನಂಬರ್ ಕೂಡಿದರೆ ಆರೇ ಬರಬೇಕು ಅಂತ ಆರ್‌ಟಿಓ ಆಫೀಸಿಗೆ ಚಪ್ಪಲಿ ಸವೆಸಿದವರು. ಅವರ ಮನೆಯಲ್ಲಿ ವೈಫೈ ಕೂರಿಸುತ್ತಿದ್ದಾಗ ಹಿಂದೆ ನಿಂತು ಇಣುಕಿದರು.

“ಅದೇನಯ್ಯಾ ಚಾನೆಲ್ ಅಂತ ಇದೆ? ಟಿವಿನೂ ಬರುತ್ತಾ?”

“ಇಲ್ಲ ಸಾರ್. ಗಾಳೀಲಿ ವೈಫೈ ಓಡಾಡೋ ದಾರಿ ಅದು. ನಂಬರು ಬೇಕಾದಷ್ಟಿದೆ, ಆದ್ರೆ ಅಕ್ಕಪಕ್ಕದವು ಒಂದರ ಮೇಲೊಂದು ಏರ್ಕೊಂಡಿರ್ತವೆ. ಒಂದಕ್ಕೊಂದು ತಾಕದೆ ಇರೋವು ಮೂರೇ. ಒಂದು, ಆರು, ಹನ್ನೊಂದು.”

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗಿತ್ತು. ನಾಲಿಗೆ ತುರಿಸಿತು.

“ಅದರಲ್ಲೂ ಆರು ಶುಕ್ರಂದು ಸಾರ್. ಮನೆಗೆ ಒಂದು ಕಳೆ ಬರುತ್ತೆ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಅಂದುಕೊಂಡೆ. “ಆರೇ ಹಾಕು,” ಅಂದರು.

ಹದಿನೈದು ದಿನಕ್ಕೆ ಮೂರನೇ ಮಹಡಿ ಆಂಟಿಯ ಫೋನು. “ನಮಗೂ ಆರು ಹಾಕ್ಕೊಡಪ್ಪ. ಅಧ್ಯಕ್ಷರ ಮಗಳಿಗೆ ಸಂಬಂಧ ಕೂಡಿಬಂತಂತೆ.”

ಎರಡು ತಿಂಗಳಲ್ಲಿ ಇಡೀ ಬಿಲ್ಡಿಂಗ್ ಆರಕ್ಕೆ ಬಂತು. ಮನೆಗೊಂದು ಕಾಫಿ ಕುಡಿದೆ. ಯಾರಿಗಾದರೂ ಶುಕ್ರದೆಸೆ ಬಂದಿದ್ದರೆ ಅದು ನನಗೆ.

೨. ಬಾಯಿ ತೆರೆದ ಟೀಚರ್

ಮೊದಲನೇ ಮಹಡಿಯ ಟೀಚರ್ ಒಬ್ಬರು ಮಾತ್ರ ನನ್ನನ್ನು ಆರು ಕೇಳಿರಲಿಲ್ಲ. ಅವರ ಡಬ್ಬ ಮೊದಲಿನಿಂದಲೂ ಆರರಲ್ಲೇ ಇತ್ತು, ಅವರಿಗೆ ಅದು ಗೊತ್ತೂ ಇರಲಿಲ್ಲ. ರಾಜಾಜಿನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಕನ್ನಡ ಮಾಧ್ಯಮದ ತರಗತಿಗಳನ್ನು ಮುಚ್ಚಿದಾಗ ಕೆಲಸ ಹೋಯಿತು. ಐವತ್ತಾರರ ವಯಸ್ಸಿನಲ್ಲಿ ಯಾವ ಶಾಲೆಯವರೂ ಒಳಗೆ ಕರೆದು ಕೂರಿಸಲಿಲ್ಲ. ಕೊನೆಗೆ ಆನ್‌ಲೈನ್ ಪಾಠದ ಸಂಸ್ಥೆಯೊಂದು ಕರೆದಿತ್ತು.

“ಶನಿವಾರ ಹನ್ನೊಂದು ಗಂಟೆಗೆ ಡೆಮೊ ಕ್ಲಾಸು ಕಣಪ್ಪಾ. ಮಧ್ಯೆ ಕಟ್ ಆದ್ರೆ ಇನ್ನೊಂದು ಸಲ ಕರೆಯಲ್ಲ ಅಂದಿದಾರೆ. ನಿನ್ನೆ ನನ್ನ ತಂಗಿ ಜೊತೆ ವಿಡಿಯೋ ಕಾಲಲ್ಲಿ ಪ್ರಾಕ್ಟೀಸ್ ಮಾಡಿದೆ. ‘ಅಂದರೆ ಮಕ್ಕಳೇ’ ಅಂದವಳು ಹಾಗೇ ಬಾಯಿ ತೆರೆದುಕೊಂಡು ನಿಂತುಬಿಟ್ಟೆನಂತೆ. ತಂಗಿ ಹೆದರಿ ಆಂಬುಲೆನ್ಸ್‌ಗೆ ಫೋನ್ ಮಾಡೋದ್ರಲ್ಲಿದ್ದಳು.”

ಅವರು ಪಾಠ ಮಾಡುವುದು ಪೆನ್ನಿನಲ್ಲಿ ಬರೆಯುವ ಹಳೇ ಟ್ಯಾಬ್‌ನಲ್ಲಿ. ವೈರ್ ಚುಚ್ಚೋಣ ಅಂದರೆ ಅದಕ್ಕೆ ಜಾಗವಿಲ್ಲ. ಹೊಸ ತಲೆಮಾರಿನ ವೈಫೈಗೆ ಬೇರೆ ಅಗಲವಾದ ರಸ್ತೆಗಳಿವೆ. ಹಳೇ ಟ್ಯಾಬ್‌ಗೆ ಆ ರಸ್ತೆಗಳು ಕಣ್ಣಿಗೇ ಬೀಳುವುದಿಲ್ಲ.

“ಯಾಕೆ ಹೀಗೆ ನಿಲ್ಲುತ್ತೆ?” ಅಂತ ಕೇಳಿದರು. ಕೇಳಿದವರು ಟೀಚರ್. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಮೇಡಂ, ವೈಫೈ ಮಾತಾಡೋಕೆ ಮುಂಚೆ ಕಿವಿಗೊಟ್ಟು ಕೇಳುತ್ತೆ. ಬೇರೆ ಯಾರೋ ಮಾತಾಡ್ತಿದ್ರೆ ಸುಮ್ಮನಿರುತ್ತೆ. ಅವರು ಮುಗಿಸಿದ ಮೇಲೂ ತಕ್ಷಣ ಶುರು ಮಾಡಲ್ಲ. ಮನಸ್ಸಿಗೆ ಬಂದ ಒಂದು ಅಂಕಿ ತಗೊಂಡು, ಅಷ್ಟು ಎಣಿಸಿ, ಆಮೇಲೆ ಬಾಯಿ ತೆಗೆಯುತ್ತೆ. ಇಬ್ಬರದ್ದೂ ಒಂದೇ ಅಂಕಿ ಆಗಿ ಡಿಕ್ಕಿ ಹೊಡೆದ್ರೆ, ಇಬ್ಬರೂ ಹಿಂದೆ ಸರಿದು, ಮುಂದಿನ ಸಲ ಇನ್ನೂ ಜಾಸ್ತಿ ಎಣಿಸೋಕೆ ತಯಾರಾಗಬೇಕು.”

ಟೀಚರ್ ಆ ಡಬ್ಬದ ಮೇಲಿನ ಧೂಳನ್ನು ಕೈಯಿಂದ ಒರೆಸಿದರು.

“ಇಷ್ಟು ಮರ್ಯಾದಸ್ಥರು ನಮ್ಮ ಸ್ಟಾಫ್ ರೂಮಲ್ಲಿ ಒಬ್ಬರೂ ಇರಲಿಲ್ಲ ಕಣಪ್ಪಾ.”

“ಆದ್ರೆ ಎಂಟು ಮನೆ ಒಂದೇ ದಾರೀಲಿ ಕಾಯ್ತಾ ನಿಂತಿದ್ರೆ ನಿಮ್ಮ ಸರದಿ ಬರೋದು ತಡ ಆಗುತ್ತೆ ಮೇಡಂ.”

“ಮೂರು ದಾರಿ ಇದೆ ಅಂತ ಅಧ್ಯಕ್ಷರು ಹೇಳ್ತಾರಲ್ಲ. ಎಂಟು ಮನೇನೂ ಒಂದರಲ್ಲೇ ಬಂದು ಸೇರಿದ್ದು ಹೇಗೆ?”

ನಿಮ್ಮ ಫ್ಯಾನಿಗೆ ಎಣ್ಣೆ ಬಿಡಬೇಕು ಮೇಡಂ ಅಂದೆ.

೩. ಸೂರ್ಯನ ಕಡೆಗೆ

ಬುಧವಾರ ಬೇರೆ ಯಾರಿಗೂ ಹೇಳದೆ ಟೀಚರ್ ಮನೆಯದನ್ನು ಒಂದನೇ ಚಾನೆಲ್‌ಗೆ ಹಾಕಿದೆ. ಅಕ್ಕಪಕ್ಕದ ಬಿಲ್ಡಿಂಗ್‌ನವರು ಅದರಲ್ಲಿ ಇದ್ದರೂ ದೂರದಲ್ಲಿದ್ದರು. ಸಂಜೆ ತಂಗಿ ಜೊತೆ ಒಂದು ಗಂಟೆ ಪಾಠ, ಒಂದು ಸಲವೂ ಬಾಯಿ ನಿಲ್ಲಲಿಲ್ಲ. ಆ ಖುಷಿಯಲ್ಲಿ ಅವರು ಮೆಟ್ಟಿಲ ಮೇಲೆ ಸಿಕ್ಕ ಆಂಟಿಗೆ ಹೇಳಿಬಿಟ್ಟರು: “ಆ ಹುಡುಗ ಒಂದನೇ ಚಾನೆಲ್‌ಗೆ ಬದಲಾಯಿಸಿದ, ಎಷ್ಟು ಚೆನ್ನಾಗಿದೆ!”

ಹುಡುಗ ಅಂದದ್ದಕ್ಕೆ ನನಗೆ ಸಂತೋಷವೇ. ನಲವತ್ತೊಂಬತ್ತು ನನಗೆ. ಮಿಕ್ಕಿದ್ದಕ್ಕೆ ಸಂತೋಷವಿಲ್ಲ. ಗುರುವಾರ ಅಧ್ಯಕ್ಷರು ಗೇಟಿನಲ್ಲೇ ಹಿಡಿದುಕೊಂಡರು.

“ಒಂದು ಸೂರ್ಯಂದು ಅಂತ ನಮಗೆ ಯಾಕಯ್ಯಾ ಹೇಳಲಿಲ್ಲ? ಶುಕ್ರ ದೊಡ್ಡವನೋ ಸೂರ್ಯ ದೊಡ್ಡವನೋ?”

“ಸಾರ್, ಅದು ಹಾಗಲ್ಲ...”

“ನೀನು ಏನೂ ಕಷ್ಟಪಡಬೇಡ. ಮೊಬೈಲಲ್ಲೇ ಬದಲಾಯಿಸಬಹುದು ಅಂತ ನಾನೇ ಕಲಿತೆ. ಎಲ್ಲರ ಮನೆಗೂ ಹೋಗಿ ಒಂದನೇ ಚಾನೆಲ್ ಮಾಡಿಕೊಟ್ಟು ಬಂದೆ.”

ಆ ಸಂಜೆ ಟೀಚರ್ ಮತ್ತೆ ಬಾಯಿ ತೆರೆದು ನಿಂತರು. ಈ ಸಲ ಕಣ್ಣು ಮುಚ್ಚಿಕೊಂಡಿದ್ದರಂತೆ.

೪. ತಪ್ಪೊಪ್ಪಿಗೆ

ಶುಕ್ರವಾರ ಸಂಘದವರನ್ನೆಲ್ಲ ಪಾರ್ಕಿಂಗ್‌ನಲ್ಲಿ ಸೇರಿಸಿ, ಬದುಕಿನಲ್ಲಿ ಮೊದಲ ಸಲ, ಪೂರ್ತಿ ನಿಜ ಹೇಳಿದೆ. ಶುಕ್ರನೂ ಇಲ್ಲ, ಸೂರ್ಯನೂ ಇಲ್ಲ, ತಮಾಷೆಗೆ ಅಂದದ್ದು, ಮನೆಗಳನ್ನು ಮೂರು ಚಾನೆಲ್‌ಗೆ ಹಂಚಿಕೊಂಡರೆ ಎಲ್ಲರಿಗೂ ಸಲೀಸು ಅಂದೆ.

ಯಾರೂ ನಂಬಲಿಲ್ಲ.

“ಪಕ್ಕದ ಬಿಲ್ಡಿಂಗ್‌ನವರು ಏನಾದ್ರೂ ಕೊಟ್ಟರಾ ನಿಂಗೆ?” ಅಂದರು ಆಂಟಿ.

“ಹಾಗಾದ್ರೆ ನನ್ನ ಮಗಳ ಮದುವೆ ಗೊತ್ತಾಗಿದ್ದು ಸುಳ್ಳಾ?” ಅಂದರು ಅಧ್ಯಕ್ಷರು.

ಗ್ರಹಗಳು ಒಂಬತ್ತೇ ಅಂತ ಹನ್ನೊಂದನೇ ಚಾನೆಲ್ ಯಾರಿಗೂ ಬೇಡ. ಒಬ್ಬರು ಮಾತಾಡುವಾಗ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ವರ್ಷಗಟ್ಟಲೆ ಸುಳ್ಳು ಹೇಳಿದವನ ಕೈಯಲ್ಲಿ ನಿಜ ಎಷ್ಟು ಹಗುರ ಅಂತ ಆವತ್ತು ತಿಳಿಯಿತು. ಅದು ಯಾರ ಮೇಲೂ ಕೂರುವುದೇ ಇಲ್ಲ.

ಟೀಚರ್ ಕಂಬಕ್ಕೆ ಒರಗಿ ನಿಂತಿದ್ದರು. ಯಾರ ಮಾತಿನ ಮೇಲೂ ಮಾತಾಡಲಿಲ್ಲ. ಗದ್ದಲ ಒಂದು ಕ್ಷಣ ಉಸಿರು ತೆಗೆದುಕೊಂಡಿತು. ಅವರು ಆಗಲೂ ಆತುರಪಡದೆ, ಇನ್ನೊಂದು ಸ್ವಲ್ಪ ಕಾದು, ಮೆತ್ತಗೆ ಹೇಳಿದರು.

“ನಾಳೆ ಹನ್ನೊಂದಕ್ಕೆ ನನಗೆ ಪರೀಕ್ಷೆ ಇದೆ. ಈ ಕೆಲಸ ತಪ್ಪಿದ್ರೆ ನನಗೆ ಬೇರೆ ಕೆಲಸ ಸಿಗೋ ವಯಸ್ಸಲ್ಲ. ಒಂದು ಗಂಟೆ ನಿಮ್ಮ ವೈಫೈ ಎಲ್ಲ ಆಫ್ ಮಾಡ್ತೀರಾ?”

ಅಧ್ಯಕ್ಷರು ನನ್ನ ಕಡೆ ತಿರುಗಿ ಕಣ್ಣು ಬಿಟ್ಟರು. “ಇಷ್ಟೇನಾ? ಇದನ್ನ ಬಿಟ್ಟು ಅರ್ಧ ಗಂಟೆ ಏನಯ್ಯಾ ಪುರಾಣ ಹೇಳ್ತಿದ್ದೆ?”

೫. ಡೌಟು

ಶನಿವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಏಳು ಮನೆಯ ವೈಫೈ ಆರಿತು. ನೆಟ್ ಇಲ್ಲದ ಮನೆಯಲ್ಲಿ ಕೂತು ಏನು ಮಾಡುವುದು? ಒಬ್ಬೊಬ್ಬರೇ ಟೀಚರ್ ಹಾಲ್‌ಗೆ ಬಂದರು. ಸೋಫಾ ತುಂಬಿತು, ಚಾಪೆ ತುಂಬಿತು. ಇವರ ಫೋನೆಲ್ಲ ಟೀಚರ್ ವೈಫೈಗೆ ಜೋತುಬಿದ್ದರೆ ಗತಿಯೇನು ಅಂತ ನಾನು ಬಾಗಿಲಲ್ಲಿ ನಿಂತು, ಅಡುಗೆಮನೆಯ ಮೊರದೊಳಗೆ ಎಲ್ಲರ ಫೋನು ಆಫ್ ಮಾಡಿಸಿ ಹಾಕಿಸಿಕೊಂಡೆ.

ಟ್ಯಾಬ್‌ನಲ್ಲಿ ಐದು ಮಕ್ಕಳು, ಒಬ್ಬ ಮೇಲ್ವಿಚಾರಕಿ. ಪಾಠ, ಭಿನ್ನರಾಶಿಯ ಭಾಗಾಕಾರ. ನಲವತ್ತು ನಿಮಿಷ ಟೀಚರ್ ಮಾತು ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಕೇಳಿದರು, “ಯಾರಿಗಾದರೂ ಡೌಟ್ ಇದೆಯಾ ಮಕ್ಕಳೇ?”

ಮಕ್ಕಳು ಗಪ್‌ಚುಪ್. ಹಾಲ್‌ನಲ್ಲಿ ಅಧ್ಯಕ್ಷರು ಎದ್ದು ನಿಂತು ಬೆರಳೆತ್ತಿದರು. ಅಂಗಿ ಹಿಡಿದು ಎಳೆದೆ, ಕೂರಲಿಲ್ಲ.

“ಮೇಡಂ, ಭಾಗಿಸುವಾಗ ಎರಡನೇ ಭಿನ್ನರಾಶಿನ ತಲೆಕೆಳಗು ಮಾಡ್ತಾರಲ್ಲ, ಅದು ಯಾಕೆ? ನಾಲ್ಕನೇ ಕ್ಲಾಸಲ್ಲಿ ಕೇಳಿದ್ದಕ್ಕೆ ಮೇಷ್ಟ್ರು ಬಾರಿಸಿದ್ರು. ಆಮೇಲೆ ಯಾರನ್ನೂ ಕೇಳಲಿಲ್ಲ.”

ಮುಗಿಯಿತು ಕೆಲಸ ಅಂದುಕೊಂಡೆ. ಟೀಚರ್ ಮಾತ್ರ ಟ್ಯಾಬನ್ನು ಸ್ವಲ್ಪ ಅವರ ಕಡೆ ತಿರುಗಿಸಿದರು.

“ಒಂದು ಹೋಳಿಗೆ ಇದೆ. ಅದರಲ್ಲಿ ಕಾಲು ಹೋಳಿಗೆಯ ತುಂಡು ಎಷ್ಟು ಬರುತ್ತೆ ಸಾರ್?”

“ನಾಲ್ಕು.”

“ಒಂದನ್ನ ಕಾಲು ಭಾಗದಿಂದ ಭಾಗಿಸಿದ್ರಿ, ನಾಲ್ಕರಿಂದ ಗುಣಿಸಿದ ಹಾಗಾಯ್ತು. ಕಾಲು ತಲೆಕೆಳಗಾದ್ರೆ ನಾಲ್ಕು ತಾನೇ? ಈಗ ಅರ್ಧ ಹೋಳಿಗೇಲಿ ಎಷ್ಟು ಕಾಲು?”

“ಎರಡು!” ಅಂತ ಟ್ಯಾಬ್‌ನೊಳಗಿಂದ ಒಬ್ಬ ಹುಡುಗಿ ಕಿರುಚಿದಳು.

“ಡೌಟು ನಂದು, ಉತ್ತರ ಅವಳು ಯಾಕೆ ಹೇಳ್ತಾಳೆ?” ಅಂದರು ಅಧ್ಯಕ್ಷರು. ಅವರ ಧ್ವನಿ ಮಾತ್ರ ಅರವತ್ತೆಂಟು ವರ್ಷದ್ದಾಗಿರಲಿಲ್ಲ.

ಮೇಲ್ವಿಚಾರಕಿ ಪರದೆಯ ಮೇಲೆ ಅಲುಗಾಡದೆ ಕೂತರು. ನೆಟ್ ನಿಂತಿತೇನೋ ಅಂತ ನಾನು ಡಬ್ಬದ ದೀಪ ನೋಡಿದೆ, ಉರಿಯುತ್ತಿತ್ತು. ಆಮೇಲೆ ಅಂದರು, “ಮೇಡಂ, ಸೋಮವಾರದಿಂದ ಶುರು ಮಾಡಿ.”

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. ಆಂಟಿ ಚಪ್ಪಾಳೆ ಹೊಡೆದರು. ಅಧ್ಯಕ್ಷರು ಮೊರದಿಂದ ಫೋನ್ ತೆಗೆದುಕೊಳ್ಳುತ್ತಾ ನನಗೆ ಹೇಳಿದರು, “ಆ ಮೂರು ಚಾನೆಲ್ ಹಂಚೋದಿದ್ರೆ ಇವತ್ತೇ ಹಂಚಿಬಿಡಯ್ಯಾ. ಹನ್ನೊಂದು ನನಗೇ ಇರಲಿ, ಪರವಾಗಿಲ್ಲ.”

ನನಗೆ ನಂಬಿಕೆ ಬರಲಿಲ್ಲ. “ಸಾರ್, ನಿಜವಾಗ್ಲೂ?”

ಅವರು ನನಗೆ ಉತ್ತರ ಕೊಡದೆ ಟ್ಯಾಬ್ ಕಡೆ ಬಗ್ಗಿ, ಮೇಲ್ವಿಚಾರಕಿಯನ್ನೇ ಕೇಳಿದರು:

“ಸೋಮವಾರ ದಶಾಂಶ ಇದೆಯೇನಮ್ಮಾ? ಅದರಲ್ಲಿ ನಂದು ಐದನೇ ಕ್ಲಾಸಿನ ಡೌಟ್ ಒಂದು ಬಾಕಿ ಇದೆ.”