ಮಾವನ ಕಲ್ಲು, ಅಳಿಯನ ಕೈ

ಉರಿಗಾಂನ ಕಾಂತರಾಜನ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ಗಣಿಜ್ಞಾನ! ಹಾಗಂತ ಅವನೇ ಹೇಳಿಕೊಳ್ತಿದ್ದ. ಅವನ ತಾತ ಊರಿನ ಚಿನ್ನದ ಗಣಿಯ ಮಿಲ್ಲಿನಲ್ಲಿ ಅದಿರು ಪುಡಿ ಮಾಡ್ತಿದ್ದರು, ಅದೇ ಆಧಾರ.

ಹೆಂಡತಿ ಕಲ್ಪನ ತವರಿಂದ ಒಂದು ಕಲ್ಲು ತಂದಿದ್ದಳು. ಬೆಳ್ಳನೆ ಬೆಣಚುಕಲ್ಲು, ಮೈತುಂಬಾ ಚಿನ್ನದ ಬಣ್ಣದ ಪುಟ್ಟ ಪುಟ್ಟ ಚೌಕ ಹರಳು. ಅವಳಪ್ಪ ಮುನಿಸ್ವಾಮಪ್ಪ ಗಣಿಯಲ್ಲಿದ್ದಾಗ, "ಚಿನ್ನ ಅಲ್ಲಪ್ಪ, ಗಂಧಕ ಸೇರಿರೋ ಕಬ್ಬಿಣ" ಅಂತ ಸಾಹೇಬರೇ ಕೊಟ್ಟದ್ದಂತೆ. ಈಗ ಬಂಗಾರಪೇಟೆಯಲ್ಲಿ ಸುಧಾಕರ್ ಮೇಷ್ಟ್ರು ಕಲ್ಲುಗಳ ಪ್ರದರ್ಶನ ಏರ್ಪಡಿಸುತ್ತಿದ್ದರು. "ಪಕ್ಕದಲ್ಲಿ ನಿಮ್ಮಪ್ಪನ ಹೆಸರು ದೊಡ್ಡದಾಗಿ ಬರೆದಿಡ್ತೀನಮ್ಮ" ಅಂದಿದ್ದೇ ತಡ, ಕಲ್ಪನಳ ಕಾಲು ನೆಲದ ಮೇಲಿಲ್ಲ. ಅಪ್ಪನ ಹೆಸರು ಅಲ್ಲಿವರೆಗೆ ಬಂದಿದ್ದು ರೇಷನ್ ಕಾರ್ಡಲ್ಲಿ ಮಾತ್ರ!

"ಕ್ಲೀನಿಂಗ್ ನಂಗೆ ಬಿಡೇ!" ಅಂದ ಕಾಂತರಾಜ.

"ನೀರಲ್ಲಿ ತೊಳೆದ್ರೆ ಸಾಕು. ನಿಮ್ಮ ಇದ್ಯೆ ಎಲ್ಲಾ ಬ್ಯಾಡ."

ಅವಳು ಅಪ್ಪನಿಗೆ ಪಂಚೆ ತರಲು ರಾಬರ್ಟ್‌ಸನ್‌ಪೇಟೆಗೆ ಹೋದಳು. ಇವನೋ ಉಳಿ ಸುತ್ತಿಗೆ ಹಿಡಿದ. ಈ ಊರಲ್ಲಿ ನೂರು ವರ್ಷ ನಡೆದಿದ್ದೇ ಒಂದು ಕೆಲಸ: ಹೊಳೆಯೋದು ಇಟ್ಕೋ, ಬಿಳಿ ಕಲ್ಲು ಬಿಸಾಕು! ಎರಡೇ ಏಟು. ಕಲ್ಲು ಮೂರು ಹೋಳಾಯಿತು.

"ಅಯ್ಯೋ, ಇದೇನ್ರೀ ಮಾಡಿದ್ರಿ?" ಅಂದಳು ಪಂಚೆ ಹಿಡಿದು ವಾಪಸ್ ಬಂದ ಕಲ್ಪನ.

"ವೇಸ್ಟ್ ತೆಗೀತಿದ್ದೆ ಕಣೇ..."

"ಬಿಳೀದು, ಹರಳು ಎರಡೂ ಕೂಡಿ ಬೆಳೆದಿರೋದೇ ಇಸೇಸ ಅಂತ ಮೇಷ್ಟ್ರು ಬಡ್ಕೊಂಡ್ರಲ್ಲಾ! ಅಪ್ಪಂಗೆ ಯಾವ ಮುಖ ತೋರಿಸ್ಲಿ?" ಅಂತ ಪಂಚೆ ತಬ್ಬಿಕೊಂಡು ಅತ್ತುಬಿಟ್ಟಳು. ಗಣಿಜ್ಞಾನಿ ಮೂರು ಹೋಳನ್ನೂ ಬಾಚಿ ಟವೆಲಿನಲ್ಲಿ ಕಟ್ಟಿಟ್ಟ.

ಪ್ರದರ್ಶನದ ದಿನ ಬೆಳಿಗ್ಗೆ ಅಂಗಡಿಯಿಂದ ಚಿಟಿಕೆಯಲ್ಲಿ ಹಿಡಿಯೋ ಭಾರೀ ಅಂಟು ತಂದು, ಮೂರು ಹೋಳನ್ನೂ ಅಂಗೈಯಲ್ಲಿ ಒತ್ತಿ ಹಿಡಿದು ನೂರು ಎಣಿಸಿದ. ಆಹಾ! ಕೂದಲೆಳೆಯಷ್ಟೂ ಬಿರುಕಿಲ್ಲ! ಹೋಳಿಗೆ ಹೋಳು ಅಂಟಿತ್ತು. ಕಲ್ಲಿಗೆ ಅಂಗೈಯೂ ಅಂಟಿತ್ತು. ಬಿಸಿನೀರು, ಸೋಪು, ಕೊಬ್ಬರಿ ಎಣ್ಣೆ... ಊಹೂಂ! ರೈಲಿಗೆ ಹೊತ್ತಾಯಿತು.

ಕಲ್ಲು ಸಮೇತ ಕೈ ಎತ್ತಿಕೊಂಡು ರೈಲು ಹತ್ತಿದವನನ್ನು ನೋಡಿ ಒಬ್ಬ ತಮಿಳು ಮುದುಕ ಕೇಳಿದ, "ಎನ್ನಾಪ್ಪಾ, ಹರಕೆನಾ?"

"ಊಂ, ಹೆಂಡ್ತಿಗೆ" ಅಂದ ಕಾಂತರಾಜ. ಕಲ್ಪನ ಕಿಟಕಿ ಕಡೆ ತಿರುಗಿ ಸೆರಗು ಕಚ್ಚಿಕೊಂಡು ನಕ್ಕಳು.

ಸುಧಾಕರ್ ಮೇಷ್ಟ್ರು ನೋಡಿ ಹೌಹಾರಿದರು. "ಉಗುರುಬಣ್ಣ ತೆಗೆಯೋ ದ್ರಾವಣ ತರಿಸ್ತೀನಿ, ಈ ಅಂಟು ಅದಕ್ಕೇ ಬಿಡೋದು. ಅಲ್ಲಿವರೆಗೂ ಅಲ್ಲಾಡಬೇಡಿ!" ಮೇಜಿನ ಮೇಲೆ ಕಲ್ಲು, ಕಲ್ಲಿನಡಿ ಕೈ, ಕೈ ಹಿಂದೆ ಸ್ಟೂಲಿನ ಮೇಲೆ ಕಾಂತರಾಜ. ಬಂದವರೆಲ್ಲ ಕಲ್ಲಿಗಿಂತ ಅವನನ್ನೇ ಜಾಸ್ತಿ ನೋಡಿದರು.

ಅಷ್ಟರಲ್ಲಿ ಮುನಿಸ್ವಾಮಪ್ಪನೇ ಬಂದರು, ಹೊಸ ಪಂಚೆ ಉಟ್ಟು. ಮೊದಲು ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಣ್ಣು ತುಂಬಿತು. ಮಗಳ ತಲೆ ಸವರಿದರು. ಆಮೇಲೆ ದೃಷ್ಟಿ ಕಲ್ಲಿಂದ ಕೈಗೆ, ಕೈಯಿಂದ ಅಳಿಯನ ಮುಖಕ್ಕೆ ಏರಿತು.

"ಅಳಿಯಂದ್ರೇ," ಅಂದರು ನಿಧಾನವಾಗಿ, "ಮೂವತ್ತು ವರ್ಸ ಭೂಮಿ ಒಳಗೆ ಇಳಿದೆ. ಒಂದು ದಿನಾನೂ ಕಲ್ಲಿಗೆ ಸಿಕ್ಕಾಕ್ಕೊಳ್ದೆ ಮೇಲೆ ಬಂದೆ. ನೀವು ಮನೇಲಿ ಕುಂತೇ ಸಿಕ್ಕಾಕ್ಕೊಂಡ್ರಲ್ಲಪ್ಪಾ!"