ಮೊಮ್ಮಗಳ ಬೊಂಬೆ ಪಟಕ್ಕೆ ನಾನೇ ಈರೋ

ಕೊಳತ್ತೂರಲ್ಲಿ ಎಲ್ಲಾರೂ ಟೀವಿ ನೋಡಿ ನಗ್ತಾರೆ. ನಮ್ಮನೇಲಿ ಮೊಮ್ಮಗಳು ಕೆಲಸಕ್ಕೆ ಕೂತ್ರೆ ಸಾಕು, ಟೀವಿನೇ ಬ್ಯಾಡ. ಕೈಯಲ್ಲೇ ಬರ್ದು ಬೊಂಬೆ ಓಡಾಡಂಗೆ ಮಾಡೋ ಸಿನಿಮಾ ಪಟ ಅವಳ್ದು. ಗಾಜಿನ ಕೆಳಗೆ ಲೈಟು, ಮ್ಯಾಲೆ ಕಾಗದ. ಕಾಗದದ ಮ್ಯಾಲೆ ಕಾಗದ ಇಟ್ಟು ಒಂಚೂರು ಒಂಚೂರು ಬದಲಾಯ್ಸಿ ಬರೀತಾಳೆ. ಕಂಪ್ಯೂಟರ್‌ಗೆ ಏಳಿ ಮಾಡ್ಸ್ಬಾರ್ದಾ ಅಂದ್ರೆ ನಂಗೆ ಅನ್ನ ಇಕ್ಕಲ್ಲ.

ಕನ್ನಡಿ

ಬೊಂಬೆಗೆ ಕ್ವಾಪ ಬರ್ಬೇಕಾದ್ರೆ ಮೊದ್ಲು ಇವಳಿಗೆ ಬರ್ಬೇಕಂತೆ. ಕನ್ನಡಿ ಮುಂದೆ ಅಲ್ಲು ಕಡಿಯಾದು, ಕಣ್ಣು ತಿರುಗ್ಸಾದು, ನೋಡ್ಕಂಡು ಬರಿಯಾದು. ಮಜ್ಜಿಗೆ ಇಸ್ಕೊಳ್ಳಾಕೆ ಬಂದ ಪಕ್ಕದ್ಮನೆ ತಮಿಳಕ್ಕ ಕಿಟಕೀಲಿ ನೋಡ್ಬುಟ್ಲು. "ಅಯ್ಯಯ್ಯೋ, ಪೇಯ್ ಪುಡಿಚ್ಚಿರುಚ್ಚು!" ದೆವ್ವ ಇಡ್ಕೊಂಡೈತೆ ಅಂತ ಬೀದಿನೇ ಕೂಡ್ಸಿ, ಬೇವಿನ ಸೊಪ್ಪಲ್ಲಿ ಮೊಮ್ಮಗಳ ತಲೆಗೆ ಬಡಿದ್ಲು. ಇವಳಿಗೆ ನಿಜವಾಗ್ಲೂ ಕ್ವಾಪ ಬಂತು. ತಕ್ಷಣ ಕನ್ನಡಿ ನೋಡ್ಕಂಡು, "ಅಕ್ಕಾ, ಇದೇ ಬೇಕಾಗಿತ್ತು! ಇನ್ನೊಂದು ಸಲ ಒಡೀರಿ" ಅಂದ್ಲು.

ಬಲೆ

ಪಟದಾಗೆ ಈರೋ ಬಲೆ ಬೀಸ್ಬೇಕು. ಮೆಟ್ಟೂರು ಅಣೆಕಟ್ಟಲ್ಲಿ ನನ್ನಂಗೆ ಬೀಸೋನು ಇನ್ನೂ ಉಟ್ಟಿಲ್ಲ. "ತಾತಾ, ನಿನ್ನೇ ನೋಡಿ ಬರೀತೀನಿ" ಅಂದ್ಲು. ನಾನೇ ಈರೋ! ಊರಿಗೆಲ್ಲ ಏಳ್ಬುಟ್ಟೆ.

ಮಾಳಿಗೆ ಮ್ಯಾಲೆ ನಿಂತು ಬೀಸ್ದೆ. "ತಾತಾ, ನಿಧಾನವಾಗಿ ಬೀಸು."

"ನಿಧಾನಕ್ಕೆ ಬೀಸಿದ್ರೆ ಮೀನು ಊಟ ಮುಗ್ಸಿ ಮನೆಗೋಗ್ತೈತೆ ಕಣಮ್ಮಿ!"

"ಅಂಗಾದ್ರೆ ಬಲೆ ಗಾಳೀಲಿ ಇರೋವಾಗ ನಿಲ್ಸು."

ನಾನು ನಿಂತೆ. ಬಲೆ ನಿಲ್ಲಲಿಲ್ಲ. ಕೆಳಗೆ ಸಂಡಿಗೆ ಒಣಗಾಕ್ತಿದ್ದ ತಮಿಳಕ್ಕನ ಮ್ಯಾಲೆ ಓಗಿ ಬಿತ್ತು. ಅಕ್ಕ ಬಲೆ ಒಳಗಿಂದ್ಲೇ ಬೈತಾವ್ಳೆ. ಮೊಮ್ಮಗಳು ಪೆನ್ಸಿಲ್ ಇಡ್ಕೊಂಡು ಕೂಗ್ತಾಳೆ: "ಅಂಗೇ ಒದ್ದಾಡ್ತಾ ಇರಿ ಅಕ್ಕಾ, ಮೀನು ಬರ್ಕೊತಾವ್ನಿ!"

ಪಟ

ತಿಂಗಳುಗಟ್ಟಲೆ ಬರ್ದು ಮುಗ್ಸಿದ್ಲು. ಇಸ್ಕೂಲು ಗೋಡೆ ಮ್ಯಾಲೆ ತೋರ್ಸಾದು ಅಂತಾಯ್ತು. ಮೀಸೆಗೆ ಎಣ್ಣೆ ಅಚ್ಕೊಂಡು ಮುಂದ್ಲ ಸಾಲಲ್ಲಿ ಕೂತೆ. ಲೈಟು ಆರ್ಸಿದ್ರು. ಇಂದಕ್ಕೆ ತಿರುಗಿ, "ನೋಡ್ರಲಾ, ಈಗ ನಾ ಬತ್ತೀನಿ" ಅಂದೆ. ಎಲ್ಲಾ ಕೈ ತಟ್ಟಿದ್ರು. ಈ ಕಡೆ ತಿರುಗಿದ್ರೆ ಬರೀ ಗೋಡೆ! ಅಷ್ಟು ತಿಂಗಳ ಕೆಲಸ, ನಾ ಕತ್ತು ತಿರುಗ್ಸೋದ್ರೊಳಗೆ ಬಂದು ಓಗೈತೆ. ಊರೇ ನನ್ನ ನೋಡ್ತು, ನಾನೊಬ್ನೇ ನೋಡ್ಲಿಲ್ಲ.

"ಇನ್ನೊಂದು ಸಲ ಆಕಮ್ಮಿ!" ಆಕಿದ್ಲು. "ಈ ಸಲ ಸರ್ಯಾಗಿ ನೋಡ್ರಲಾ" ಅಂತ ತಿರುಗ್ದೆ. ಮತ್ತೆ ಗೋಡೆ.

ಮೂರ್ನೇ ಸಲಕ್ಕೆ ನನ್ನೆಂಡ್ರೇ ಎದ್ದು ಬಂದು, ನನ್ನ ತಲೆ ಎರಡು ಕೈಲೂ ಇಡ್ಕೊಂಡು ಗೋಡೆ ಕಡೆ ತಿರುಗ್ಸಿ ನಿಂತ್ಲು. ಕಂಡೆ. ಆಹಾ, ಏನು ಬೀಸು!

ಎಂಡ್ರು ಗೋಡೆ ನೋಡಿ, ನನ್ನ ನೋಡಿ, ಮೊಮ್ಮಗಳ್ನ ಕೇಳಿದ್ಲು: "ಮೀಸೆ ತಾತನ್ದೇ ಕಣಮ್ಮಿ. ಬಾಯಿ ಯಾರ್ದು ನೋಡಿ ಬರ್ದೆ? ಮುಚ್ಕೊಂಡೈತಲ್ಲ!"