ಅತ್ತೆಯ ಎರಡು ರೋಗಗಳು: ಒಂದು ಗ್ರೀಕ್, ಒಂದು ಲ್ಯಾಟಿನ್

‘ನನಗೆ ಗೊತ್ತಿಲ್ಲ’ ಎಂದು ಹೇಳುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಗೊತ್ತಿಲ್ಲದ ಊರಿಗೆ ದಾರಿ ಕೇಳಿದರೂ ಕೈ ಎತ್ತಿ ಒಂದು ದಿಕ್ಕು ತೋರಿಸಿಬಿಡುತ್ತೇನೆ. ಇಂಥ ಮನುಷ್ಯನಿಗೆ ಮಿರಜಿನ ಡಾಕ್ಟರೊಬ್ಬರ ಬಳಿ ಟೈಪಿಸ್ಟನ ಕೆಲಸ ಸಿಕ್ಕಿತು. ದಿನವಿಡೀ ರೋಗಗಳ ಹೆಸರು ಟೈಪು ಮಾಡುವುದು. ಒಂದು ವಿಷಯ ನನ್ನನ್ನು ಕಾಡತೊಡಗಿತು: ಒಂದೇ ಅಂಗಕ್ಕೆ ಡಾಕ್ಟರು ಎರಡೆರಡು ಹೆಸರು ಯಾಕೆ ಬರೆಯುತ್ತಾರೆ? ಅವರನ್ನು ಕೇಳಿದರೆ ನನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ಹಾಗಾಗಿ ರವಿವಾರಗಳಂದು ಸಾಲೊಮನ್ ಮಾಸ್ತರರ ಮನೆಗೆ ಹೋಗತೊಡಗಿದೆ. ಅವರು ಪಾದ್ರಿಗಳಾಗುವವರಿಗೆ ಗ್ರೀಕ್, ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಆಗ ನಮ್ಮ ಕಡೆ ಹಾಲಿಗೆ, ಸಕ್ಕರೆಗೆ, ನೂಲಿಗೆ, ಎಲ್ಲದಕ್ಕೂ ಸಹಕಾರಿ ಸೊಸೈಟಿ ಆಗಿದ್ದವು. ಸತ್ತ ಭಾಷೆಗಳಿಗೆ ಮಾತ್ರ ಇರಲಿಲ್ಲ. ಆ ಕೊರತೆಯನ್ನು ನಾವಿಬ್ಬರು ಸದಸ್ಯರು ತುಂಬಿದೆವು.

ಮಾಸ್ತರರ ಪಾಠ ಸೊಗಸಾಗಿತ್ತು. “ಲ್ಯಾಟಿನ್ ಅಂದ್ರ ತಹಶೀಲ್ದಾರ್ರಿ. ಹೇಳೂದು ಹೇಳಿ ಸಿಕ್ಕಾ ಒತ್ತಿ ಎದ್ದು ಹೋಗ್ತಾನ. ಗ್ರೀಕ್ ಅಂದ್ರ ಕಟ್ಟಿ ಮ್ಯಾಲ ಕುಂತ ಹಿರ್ಯಾ. ‘ಮತ್ತ’, ‘ಅಂದಂಗ’, ‘ಹೌದಲ್ಲೋ’ ಅನ್ನದ ಒಂದು ವಾಕ್ಯ ಸುದ್ಧಾ ಆಡಂಗಿಲ್ಲ,” ಎನ್ನುತ್ತಿದ್ದರು. ನಮ್ಮ ‘ಇಂದ’ ಪ್ರತ್ಯಯದ ಕೆಲಸಕ್ಕೆ ಲ್ಯಾಟಿನಿನಲ್ಲಿ ಬೇರೆ ವಿಭಕ್ತಿ ಇದೆ. ಗ್ರೀಕಿನಲ್ಲಿ ಅದು ಸವೆದುಹೋಗಿ, ಅದರ ಕೆಲಸವನ್ನು ಉಳಿದವು ಹಂಚಿಕೊಂಡಿವೆ. ಗ್ರೀಕಿನಲ್ಲಿ ಜೋಡಿ ವಸ್ತುಗಳಿಗೆಂದೇ ಸಂಸ್ಕೃತದಂತೆ ದ್ವಿವಚನವಿತ್ತು. ಲ್ಯಾಟಿನ್ ಆ ಖರ್ಚು ಬಿಟ್ಟಿತು. ನನಗೆ ಅತಿ ಇಷ್ಟವಾದದ್ದು ಗ್ರೀಕ್ ಕ್ರಿಯಾಪದದ ಒಂದು ರೂಪ: ಮಾಡಿದ್ದು ಪರರಿಗೋ ತನಗೋ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ನಾನು ಕೂಡಲೇ, “ಮಾಸ್ತರ, ಇದು ನಮ್ಮ ‘ಮಾಡಿದ’, ‘ಮಾಡಿಕೊಂಡ’ ಅಲ್ಲೇನ್ರಿ? ನಮ್ಮ ಹಾಲಿನ ಸೊಸೈಟಿ ಚೇರಮನ್ನರು ಭಾಷಣದಾಗ ‘ಮಾಡಿದೆ’ ಅಂತಾರ, ಮಂದಿ ‘ಮಾಡಿಕೊಂಡ್ರು’ ಅಂತಾರ,” ಎಂದೆ. ಮಾಸ್ತರರು ನಕ್ಕು, ನನ್ನಂಥ ಶಿಷ್ಯ ಸಿಕ್ಕಿರಲಿಲ್ಲ ಎಂದರು. ಅದು ಹೊಗಳಿಕೆಯೆಂದೇ ನಾನು ಇಟ್ಟುಕೊಂಡಿದ್ದೇನೆ. ಕೊನೆಗೆ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಡಾಕ್ಟರರ ಮಾತಿನಲ್ಲಿ ಸಾಮಾನ್ಯವಾಗಿ ಅಂಗದ ಹೆಸರು ಲ್ಯಾಟಿನಿನದು, ಅದಕ್ಕೆ ಬರುವ ರೋಗದ ಹೆಸರು ಗ್ರೀಕಿನದು.

ಈ ವಿದ್ಯೆಗೆ ಪರೀಕ್ಷೆ ಬಂದದ್ದು ನನ್ನ ಅತ್ತೆಯ ರೂಪದಲ್ಲಿ. ಅತ್ತೆ ಜತ್ತ ಕಡೆಯ ಗಡಿಹಳ್ಳಿಯವರು, ಕುರಿ ಸಾಕುವವರು. ಕಾಯಿಲೆಗೆ ಅಂಜಿದ್ದನ್ನು ಯಾರೂ ಕಂಡಿರಲಿಲ್ಲ. ಮುಖ, ಕಾಲು ಬಾತುಕೊಂಡಿವೆಯೆಂದು ನನ್ನ ಹೆಂಡತಿ ಸುಶೀಲಾ ಹಟ ಹಿಡಿದು ನಮ್ಮ ಸಾಂಗ್ಲಿವಾಡಿಯ ಮನೆಗೆ ಕರೆತಂದಳು. ನಮ್ಮ ಡಾಕ್ಟರು ನೋಡಿ ಎರಡು ಚೀಟಿ ಕೊಟ್ಟರು. ರಕ್ತಪರೀಕ್ಷೆಯ ಚೀಟಿಯಲ್ಲಿ ‘ರೀನಲ್’ ಎಂದಿತ್ತು, ಔಷಧದ ಚೀಟಿಯಲ್ಲಿ ‘ನೆಫ್ರೈಟಿಸ್’. ಎರಡೂ ಮೂತ್ರಪಿಂಡದ ಮಾತೇ. ಸುಶೀಲಾ ಅಕ್ಷರ ಕೂಡಿಸಿ ಎರಡನ್ನೂ ಗಟ್ಟಿಯಾಗಿ ಓದಿದಳು. ಅತ್ತೆ ಕೇಳಿಸಿಕೊಂಡರು. ಸಂಜೆ ನಾನು ಮನೆಗೆ ಬಂದಾಗ ಅವರು ಗಂಟು ಕಟ್ಟುತ್ತಿದ್ದರು.

“ಒಂದು ರೋಗ ಆಗಿದ್ರ ಇರ್ತಿದ್ದೆ ಅಳಿಯಾರ. ಎರಡು ಆಗ್ಯಾವಂತ. ಇನ್ನ ಔಷಧ ಯಾಕ? ಊರಿಗೆ ಹೋಗಿ ನನ್ನ ಕುರಿ ನಡುವ ಕಣ್ಣು ಮುಚ್ತೇನಿ.”

ಸುಶೀಲಾ ಅಳುತ್ತಿದ್ದಳು. ಔಷಧ ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ನನಗೆ ಬೇರೆಯಾಗಿ ಹೇಳಿದ್ದರು. ಆದರೂ ಒಳಗೊಳಗೇ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಇಡೀ ಸಾಂಗ್ಲಿಯಲ್ಲಿ ಈ ಗೊಂದಲ ಬಿಡಿಸಬಲ್ಲ ಒಬ್ಬನೇ ಅಳಿಯ ತಮಗೆ ಸಿಕ್ಕಿರುವುದು ಅತ್ತೆಯ ಪುಣ್ಯ ಎಂದುಕೊಂಡು ಶುರುಮಾಡಿದೆ. ಒಂದು ಹೆಸರು ರೋಮಿನದು, ಇನ್ನೊಂದು ಗ್ರೀಸಿನದು. ರೋಮಿನವರು ಗ್ರೀಕರನ್ನು ಗೆದ್ದರೂ ವೈದ್ಯಕ್ಕೆ ಗ್ರೀಕರನ್ನೇ ನೆಚ್ಚಿಕೊಂಡರು. ಹೀಗೆ ಹೇಳುತ್ತಾ ದ್ವಿವಚನದವರೆಗೆ ಬಂದೆ. “ಮೂತ್ರಪಿಂಡ ಎರಡು ಇರ್ತಾವಲ್ರಿ ಅತ್ಯಾರ, ಇಂಥ ಜೋಡಿಗೆ ಗ್ರೀಕಿನ್ಯಾಗ—”

“ತಡೀರಿ,” ಎಂದರು ಅತ್ತೆ. “ಎರಡು ದೇಶದ ರೋಗ ಏನ್ರಿ? ಎಡಗಡೆ ಒಂದು ದೇಶದ್ದು, ಬಲಗಡೆ ಇನ್ನೊಂದರದ್ದು?”

ಅವರು ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಿದರು. ಎರಡು ಭಾಷೆಗಳಲ್ಲಿ ಆ ಅಂಗದ ಹೆಸರು ನನ್ನ ನಾಲಗೆಯ ಮೇಲಿತ್ತು. ಅತ್ತೆಗೆ ತಿಳಿಯುವ ಹೆಸರು ಮಾತ್ರ ಹೊಳೆಯಲೊಲ್ಲದು. ಆಗ ಸುಶೀಲಾ ಸೆರಗಿನಿಂದ ಮೂಗು ಒರೆಸಿಕೊಂಡು, “ಅವ್ವಾ, ಗುರ್ದಾ! ಕುರಿ ಕೊಯ್ದಾಗ ಬೆನ್ನಿಗೆ ಹತ್ತಿ ಇರ್ತಾವಲ್ಲ, ಅವು ಬಾತಾವ. ರೋಗ ಒಂದ ಐತಿ,” ಎಂದಳು.

ಅತ್ತೆಯ ಕೈ ನಿಂತಿತು. “ಗುರ್ದಾ? ಅಷ್ಟೇನು?” ಎಂದು ನನ್ನ ಕಡೆ ತಿರುಗಿದರು. “ಗುರ್ದಾಕ್ಕ ಗುರ್ದಾ ಅನ್ನಾಕ ಏನಾಗೇತ್ರಿ ನಿಮಗ?” ಆಮೇಲೆ ಗಂಟು ಬಿಚ್ಚಿ ಸೀರೆ ಗೂಟಕ್ಕೆ ಹಾಕಿ, ಡಾಕ್ಟರು ಹೇಳಿದ್ದ ಉಪ್ಪಿಲ್ಲದ ಗಂಜಿಯನ್ನು ಬೈಯುತ್ತಲೇ ಕುಡಿದರು. ಎರಡು ತಿಂಗಳು ಇದ್ದು, ಬಾವು ಇಳಿದು, ಡಾಕ್ಟರು ಹೋಗಬಹುದೆಂದ ಮೇಲೆಯೇ ಊರಿಗೆ ಹೋದರು.

ಸಾಲೊಮನ್ ಮಾಸ್ತರರಿಗೆ ಇದನ್ನು ಹೇಳುವಾಗ ನನ್ನ ವಿವರಣೆಯಿಂದಲೇ ಅತ್ತೆ ಉಳಿದರೆಂದು ಸ್ವಲ್ಪ ತಿದ್ದಿ ಹೇಳಿದೆ. ತಿದ್ದಿದೆ ಅನ್ನುವುದಕ್ಕಿಂತ ತಿದ್ದಿಕೊಂಡೆ ಎನ್ನುವುದೇ ಸರಿ. ಆದರೆ ಸತ್ಯ ಬಸ್ಸು ಹತ್ತಿ ನಮ್ಮ ಮನೆಗೇ ಬಂತು. ಅತ್ತೆಯ ಊರಿನ ಹಿರಿಯರೊಬ್ಬರು ಆಸ್ಪತ್ರೆಯ ಚೀಟಿ ಹಿಡಿದು ಬಾಗಿಲಲ್ಲಿ ನಿಂತರು. ನಾನು ಉತ್ಸಾಹದಿಂದ ಕೈ ಚಾಚಿದೆ. ಅವರು ಚೀಟಿಯನ್ನು ಎದೆಗವಚಿಕೊಂಡು ಬಲು ಮರ್ಯಾದೆಯಿಂದ ಹೇಳಿದರು: “ತಪ್ಪು ತಿಳೀಬ್ಯಾಡ್ರಿ. ಮಗಳ ಕೈಯಾಗ ಕೊಡ್ರಿ ಅಂತ ನಿಮ್ಮ ಅತ್ತಿ ಹೇಳ್ಯಾರ್ರಿ. ಅಳಿಯಾರು ಭಾಳ ಶ್ಯಾಣ್ಯಾ ಅದಾರಂತ. ಅವರು ಹೇಳಾಕ ಹತ್ತಿದ್ರ ಬಸ್ಸು ತಪ್ಪತೈತಿ ಅಂದ್ರು.”